ಕನ್ನಡ ಕಲೀತಿರೋ ಫ್ರೆಂಡ್‌ಗೆ ಯಾವ ಕಾಮಿಡಿ ಪಿಕ್ಚರ್ ತೋರಿಸ್ಬೇಕು? ಮೀಮ್‌ಗಳಾಚೆ ಇರೋವು ಹೇಳಿ

ವಠಾರದ ಹುಡ್ಗ

ನಮ್ ಆಫೀಸಲ್ಲಿ ನಾಗಪುರದ ಒಬ್ಬ ಫ್ರೆಂಡ್ ಇದಾನೆ, ಬೆಂಗ್ಳೂರಿಗೆ ಬಂದು ನಾಕು ವರ್ಷ ಆಯ್ತು, ಕನ್ನಡ ಕಲೀಲೇಬೇಕು ಅಂತ ಹಠ ಹಿಡ್ದು ಈಗ ಮುಕ್ಕಾಲು ಪಾಲು ಅರ್ಥ ಮಾಡ್ಕೋತಾನೆ, ಮಾತಾಡೋಕೆ ಮಾತ್ರ ಇನ್ನೂ ತಡವರಿಸ್ತಾನೆ. ಹೋದ್ ವಾರ ಊಟಕ್ಕೆ ಕೂತಾಗ ಒಂದ್ ಒಳ್ಳೇ ಕನ್ನಡ ಕಾಮಿಡಿ ಹೇಳು ಅಂದ. ನಾನು ಆವೇಶದಲ್ಲಿ ಅಲ್ಲೇ ಮೊಬೈಲ್ ತೆಗ್ದು ಮೂರ್ನಾಕು ಕ್ಲಿಪ್ ತೋರಿಸ್ದೆ. ಅವನು ನೋಡ್ದ, ಮರ್ಯಾದೆಗೆ ಅಂತ ಸ್ವಲ್ಪ ನಕ್ಕ, ಮೊಬೈಲ್ ವಾಪಸ್ ಕೊಟ್ಟ. ನಂಗೆ ನಿಜವಾಗ್ಲೂ ಬೇಜಾರಾಯ್ತು ಗುರು. ಅವನ್ ಮೇಲಲ್ಲ. ಅನಂತ್‌ನಾಗ್ ಬಾಡಿಗೆ ಕೊಡ್ದೆ ತಪ್ಪಿಸ್ಕೊಳೋ ಸೀನು ನಗು ತರ್ಸೋದು ಯಾವಾಗ ಅಂದ್ರೆ ಅದಕ್ಕೆ ಮುಂಚೆ ಅರ್ಧ ಗಂಟೆ ಆ ಮನುಷ್ಯನ ಜೇಬು ಹೇಗೆ ಖಾಲಿ ಆಗ್ತಾ ಬಂತು ಅನ್ನೋದನ್ನ ಕೂತು ನೋಡಿದ್ರೆ ಮಾತ್ರ. 30 ಸೆಕೆಂಡ್ ಕ್ಲಿಪ್ಪಲ್ಲಿ ಅದೆಲ್ಲಿಂದ ಬರ್ಬೇಕು?

ಅದಕ್ಕೆ ಕೇಳ್ತಿದೀನಿ. ಎಲ್ಲರಿಗೂ ಗೊತ್ತಿರೋ ದೊಡ್ ಹಿಟ್ ಬೇಡ, ಮೀಮ್ ಟೆಂಪ್ಲೇಟ್ ಆಗಿ ಮುಖ ಮಾತ್ರ ಉಳ್ಕೊಂಡು ಪಿಕ್ಚರ್ ಮರ್ತೋಗಿರೋವು, ಇಲ್ಲಾ ಥಿಯೇಟರಲ್ಲಿ ಓಡದೇ ಆಮೇಲೆ ಜನ ಹುಡ್ಕೊಂಡು ನೋಡಿದಂಥವು ಹೇಳಿ. ಹೆಸರು ಮಾತ್ರ ಬರ್ದು ಹೋಗ್ಬೇಡಿ ಪ್ಲೀಸ್, ಯಾಕೆ ನೋಡ್ಬೇಕು, ಹೇಗೆ ನೋಡ್ಬೇಕು ಅನ್ನೋದೂ ಬರೀರಿ.

ನಂದು ಮೊದ್ಲು ಹೇಳ್ಬಿಡ್ತೀನಿ. ಫಣಿ ರಾಮಚಂದ್ರ ಅವರ ಗಣೇಶನ ಮದುವೆ, 1990. ಹೆಸರು ಎಲ್ರಿಗೂ ಗೊತ್ತು, ಆದ್ರೆ ಈಗಿನ ಹುಡುಗ್ರು ಎಷ್ಟು ಜನ ಪೂರ್ತಿ ನೋಡಿದಾರೆ? ಕಥೆ ಎಷ್ಟು ಚೆನ್ನಾಗಿ ಹೆಣೆದಿದಾರೆ ಅಂದ್ರೆ, ಒಂದೇ ವಠಾರದಲ್ಲಿರೋ ಹುಡುಗ ಹುಡುಗಿ ಮುಖ ಕಂಡ್ರೆ ಕಿತ್ತಾಡ್ತಾರೆ, ಅದೇ ಇಬ್ರು ಒಬ್ರಿಗೊಬ್ರು ಯಾರು ಅಂತ ಗೊತ್ತಿಲ್ದೆ ಕಾಗದದಲ್ಲಿ ಪ್ರೀತಿ ಮಾಡ್ತಿರ್ತಾರೆ. ಅವನಿಗೆ ಶ್ರುತಿ ಬೇಕು, ಎದುರಿಗಿರೋ ಆದಿಲಕ್ಷ್ಮಿ ಬೇಡ, ಇಬ್ರೂ ಒಬ್ಳೇ. ಅನಂತ್‌ನಾಗ್, ವಿನಯಾ ಪ್ರಸಾದ್, ಮುಖ್ಯಮಂತ್ರಿ ಚಂದ್ರು, ಮೂರೂ ಜನ ಒಬ್ರನ್ನ ಒಬ್ರು ಮೀರಿಸ್ದಂಗೆ ಮಾಡಿದಾರೆ.

ನಂಗೆ ಆ ಪಿಕ್ಚರ್ ಅಂದ್ರೆ ನೆನಪಾಗೋದು ನಮ್ ವಠಾರ. ಎಂಟು ಮನೆ, ಒಂದು ನಲ್ಲಿ, ಸಾಲಾಗಿ ಕೊಡ. ಟೀವಿ ಇದ್ದಿದ್ದು ನಮ್ಮನೇಲಿ, ಓನರ್ ಮನೇಲಿ ಕೆಟ್ಟೋಗಿತ್ತು. ಹಾಗಾಗಿ ಆ ಭಾನುವಾರ ಸಂಜೆ ದೂರದರ್ಶನದಲ್ಲಿ ಈ ಪಿಕ್ಚರ್ ಹಾಕಿದಾಗ ಓನರ್ ಅವರ ತಾಯಿನೂ ಬಂದು ನಮ್ಮಮ್ಮನ ಪಕ್ಕದಲ್ಲೇ ಚಾಪೆ ಮೇಲೆ ಕೂತ್ರು. ಆ ತಿಂಗಳು ನಮ್ದು ಬಾಡಿಗೆ ಬಾಕಿ. ಟೀವೀಲಿ ಮನೆ ಓನರು ಕಿರುಚೋಕೆ ಶುರು ಮಾಡಿದಾಗ ರೂಮಲ್ಲಿ ಯಾರೂ ಉಸಿರು ಬಿಡ್ಲಿಲ್ಲ. ಅಮ್ಮ ಸೆರಗನ್ನ ಬಾಯಿಗೆ ಒತ್ತಿ ಹಿಡ್ಕೊಂಡಿದ್ರು, ಭುಜ ಅಲ್ಲಾಡ್ತಿತ್ತು. ಮೊದಲು ನಕ್ಕಿದ್ದು ಓನರ್ ತಾಯಿನೇ, ನಮ್ ಮಗನ ಥರಾನೇ ಆಡ್ತಾನೆ ನೋಡು ಇವ್ನು ಅಂತ. ಆಮೇಲೆ ಇಡೀ ರೂಮು ನಕ್ಕಿದ್ದು ನನ್ ಕಿವೀಲಿ ಇನ್ನೂ ಇದೆ.

ಮಂಡ್ಯದೋನು

ಅಣ್ಣ ನಿಮ್ ಫ್ರೆಂಡ್‌ಗೆ ಕಣ್ಮುಚ್ಕೊಂಡು ತಿಥಿ ತೋರ್ಸಿ. 2015ರಲ್ಲಿ ಲೊಕಾರ್ನೊ ಫೆಸ್ಟಿವಲ್‌ನಲ್ಲಿ ಗೋಲ್ಡನ್ ಲೆಪರ್ಡ್ ತಗೊಂಡು ಬಂತು, ಇಲ್ಲಿ ರಿಲೀಸ್ ಆಗಿದ್ದು 2016ರಲ್ಲಿ, ರಾಮ್ ರೆಡ್ಡಿ ಡೈರೆಕ್ಷನ್ನು, ಈರೇಗೌಡ್ರು ಬರವಣಿಗೆ. ಪ್ರಶಸ್ತಿ ಬಂತು ಅಂದ್ ತಕ್ಷಣ ಜನ ಏನಂದ್ಕೊಂಡ್ರು ಅಂದ್ರೆ ಇದು ಆರ್ಟ್ ಫಿಲಂ, ನಿದ್ದೆ ಬರುತ್ತೆ ಅಂತ. ಅಯ್ಯೋ ನಮ್ಮೂರಲ್ಲಿ ನಾವು ನೋಡಿದಾಗ ಬಿದ್ದು ಬಿದ್ದು ನಕ್ಕಿದೀವಿ ಕಣಣ್ಣ. ಸೆಂಚುರಿ ಗೌಡ ಬೀದೀಲಿ ಕೂತ್ಕಂಡು ಹೋಗೋರ್ ಬರೋರ್ನೆಲ್ಲ ಛೇಡಿಸ್ತಾ ಇದ್ದು, ಎದ್ದು ಮೂಲೇಗೆ ಉಚ್ಚೆಗೆ ಅಂತ ಹೋಗಿ ಅಲ್ಲೇ ಬಿದ್ದೋಯ್ತಾನಲ್ಲ, 101 ವರ್ಸದ ಮುದುಕ, ಅಲ್ಲಿಂದ್ಲೇ ಪಿಕ್ಚರ್ ನಮ್ಮೂರಿಂದು ಅನ್ನಿಸ್ಬುಡುತ್ತೆ. ಆಕ್ಟ್ ಮಾಡಿರೋರು ನೊದೆಕೊಪ್ಪಲು ಕಡೆ ಊರಿನ ಜನಾನೇ, ಯಾರೂ ಅದ್ಕೆ ಮುಂಚೆ ಕ್ಯಾಮರಾ ಮುಂದೆ ನಿಂತೋರಲ್ಲ.

ಇದ್ರಲ್ಲಿ ನಗು ಎಲ್ಲಿಂದ ಬರುತ್ತೆ ಅಂದ್ರೆ ಜಮೀನಿನ ಕಾಗದದಿಂದ. ತಾತ ಸತ್ತ, ಜಮೀನು ಮಗ ಗಡ್ಡಪ್ಪನಿಗೆ ಬರ್ಬೇಕು, ಗಡ್ಡಪ್ಪಂಗೆ ಅದ್ಯಾವ್ದೂ ಬ್ಯಾಡ, ಕ್ವಾಟ್ರು ಜೇಬಲ್ಲಿಟ್ಕಂಡು ಹೊಲದ್ ಮ್ಯಾಲೆ ಓಡಾಡ್ಕಂಡಿದ್ರೆ ಸಾಕು. ಮೊಮ್ಮಗ ತಮ್ಮಣ್ಣಂಗೆ ಜಮೀನು ಮಾರ್ಬೇಕು, ಅರ್ಜೆಂಟು. ಕೊನೇಗೆ ಬದುಕಿರೋ ಅಪ್ಪನ್ನೇ ಸತ್ತವ್ನೆ ಅಂತ ಕಾಗದ ಮಾಡ್ಸೋ ಮಟ್ಟಕ್ಕೆ ಹೋಯ್ತಾನೆ. ನಮ್ ತಾತ ತೀರ್ಕಂಡಾಗ ಜಮೀನು ವಾರಸುದಾರರ ಹೆಸ್ರಿಗೆ ಬರೋ ಪೌತಿ ಖಾತೆ ಮಾಡ್ಸಕ್ಕೆ ನಮ್ಮಪ್ಪ ಹದಿನಾಲ್ಕು ತಿಂಗಳು ಅಲೆದವ್ರೆ. ಡೆತ್ ಸರ್ಟಿಫಿಕೇಟಲ್ಲಿ ಒಂದು ಹೆಸ್ರು, ಪಹಣೀಲಿ ಒಂದು ಹೆಸ್ರು, ರೇಷನ್ ಕಾರ್ಡಲ್ಲಿ ಇನ್ನೊಂದು. ಆಚೆ ಚಿಕ್ಕಪ್ಪಂದಿರು ನಿಂತ್ಕಂಡು ಬಾಡೂಟಕ್ಕೆ ಎಷ್ಟು ಮರಿ ಬೇಕು ಅಂತ ಲೆಕ್ಕ ಹಾಕ್ತಾವ್ರೆ, ಒಳಗೆ ಅಜ್ಜಿ ಅಳ್ತಾವ್ಳೆ. ಎರಡೂ ಒಂದೇ ಹೊತ್ನಲ್ಲಿ. ಆ ಪಿಕ್ಚರ್ ಅದನ್ನ ಹಂಗೇ ಹಿಡ್ದದೆ. ಯಾರ್ನೂ ಅವಮಾನ ಮಾಡ್ದೆ ಹಿಡ್ದದೆ, ಅದು ದೊಡ್ಡದು.

ಹೇಗೆ ನೋಡ್ಬೇಕು ಅಂದ್ರೆ, ಮಧ್ಯದಲ್ಲಿ ಓಡುಸ್ಬ್ಯಾಡಿ. ಗಡ್ಡಪ್ಪ ಕುರಿ ಕಾಯೋರ ಜೊತೆ ಕೂತ್ಕಂಡು ತನ್ ಕಥೆ ಹೇಳೋ ಜಾಗ ಬರುತ್ತೆ, ಅಲ್ಲಿ ನಗು ನಿಂತೋಯ್ತದೆ. ಅದು ಗೊತ್ತಾದ ಮ್ಯಾಲೆ ಆ ಮನುಷ್ಯ ಯಾಕಂಗೆ ತಿರುಗ್ತಾನೆ ಅಂತ ಎಲ್ಲ ಅರ್ಥ ಆಯ್ತದೆ.

ಬಸವನಗುಡಿ ಅಕ್ಕ

ಮಂಡ್ಯದವರು ಹೇಳಿದ್ದು ಓದಿ ಕಣ್ಣು ತುಂಬಿ ಬಂತು. ನಾನು ಹಳೇ ಕಾಲದವಳು, ನಂದು ಉದ್ಭವ. 1990ರದ್ದೇ, ಕೋಡ್ಲು ರಾಮಕೃಷ್ಣ ನಿರ್ದೇಶನ, ಬಿ.ವಿ. ವೈಕುಂಠರಾಜು ಅವರ ಕಾದಂಬರಿ. ಇದ್ರಲ್ಲೂ ಅನಂತ್‌ನಾಗ್ ಅವರೇ, ಆದ್ರೆ ಗಣೇಶನ ಮದುವೆಯ ಅನಂತ್‌ನಾಗ್ ಅಲ್ಲ, ಇಲ್ಲಿ ನಯವಾಗಿ ಮಾತಾಡ್ತಾ ಎಲ್ಲರ ಕೆಲಸಾನೂ ಮಾಡಿಸಿಕೊಡೋ ಭಾರೀ ಚಾಲಾಕಿ ಮನುಷ್ಯ. ರಸ್ತೆ ಅಗಲ ಮಾಡ್ತಾರೆ ಅಂತ ಸುದ್ದಿ, ಅಷ್ಟ್ರಲ್ಲಿ ನೆಲದಿಂದ ಗಣೇಶನ ವಿಗ್ರಹ ಉದ್ಭವ ಆಗ್ಬಿಡುತ್ತೆ. ಆಮೇಲೆ ಏನೇನಾಗುತ್ತೆ ಅಂತ ಹೇಳಲ್ಲ ನೋಡಿ.

ನಮ್ ರಸ್ತೇಲಿ ಒಂದ್ ಸಲ ಅಳತೆ ಮಾಡೋರು ಬಂದು ಎಲ್ಲರ ಕಾಂಪೌಂಡ್ ಮೇಲೂ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದ್ರು. ನಮ್ ಮನೇದು ಮಲ್ಲಿಗೆ ಬಳ್ಳಿ ಇರೋ ಗೋಡೆ ಮೇಲೆ ಬಿತ್ತು. ಮೂರು ವರ್ಷ ಆ ಗುರುತು ಹಾಗೇ ಇತ್ತು, ಯಾರೂ ಬರ್ಲಿಲ್ಲ, ಗೋಡೆಗೆ ಸುಣ್ಣ ಹೊಡೆಸೋಕೂ ಭಯ. ಆ ಮೂರು ವರ್ಷದಲ್ಲಿ ನಮ್ಮೆಜಮಾನ್ರು ಈ ಪಿಕ್ಚರನ್ನ ಏನಿಲ್ಲ ಅಂದ್ರೂ ಐದು ಸಲ ನೋಡಿರ್ಬೇಕು. ಪ್ರತಿ ಸಲ ನಗ್ತಿದ್ರು, ಆದ್ರೆ ಆ ನಗು ಬೇರೆ ಥರ ಇರ್ತಿತ್ತು. ನಿಮ್ ಫ್ರೆಂಡ್ ಬೆಂಗಳೂರಲ್ಲಿ ನಾಕು ವರ್ಷ ಇದಾರೆ ಅಂದ್ರೆ ರಸ್ತೆ ಮಧ್ಯೆ ಗುಡಿ ಬಂದು ರಸ್ತೇನೇ ಸುತ್ತಿ ಹೋಗೋದನ್ನ ನೋಡೇ ಇರ್ತಾರೆ, ಅವರಿಗೆ ಬೇರೆ ವಿವರಣೆ ಬೇಡ. 2020ರಲ್ಲಿ ಅದೇ ನಿರ್ದೇಶಕರು ಮತ್ತೆ ಉದ್ಭವ ಅಂತ ಇನ್ನೊಂದು ಮಾಡಿದ್ರು, ನನ್ನ ಮನಸ್ಸು ಮೊದಲನೇದ್ರಲ್ಲೇ ಇದೆ.

ಕುಡ್ಲದ ಹುಡುಗಿ

ನಮ್ಮ ಕಡೆಯದ್ದು ಒಂದು ಸೇರಿಸಿ ಮಾರಾಯ್ರೆ. ಒಂದು ಮೊಟ್ಟೆಯ ಕಥೆ, 2017, ರಾಜ್ ಬಿ. ಶೆಟ್ಟಿಯವರ ಮೊದಲ ಸಿನಿಮಾ, ಡೈರೆಕ್ಷನ್ನೂ ಅವರದ್ದೇ ಹೀರೋನೂ ಅವರೇ. ಈಗ ಅವರನ್ನು ಗರುಡ ಗಮನ ನೋಡಿ ಗುರುತು ಹಿಡಿಯುವವರಿಗೆ ಇದನ್ನು ತೋರಿಸಿದರೆ ಇವರೇ ಅವರಾ ಅಂತ ಕೇಳ್ತಾರೆ. ತಲೆಯಲ್ಲಿ ಕೂದಲಿಲ್ಲದ ಕನ್ನಡ ಲೆಕ್ಚರರ್, ಹೆಣ್ಣು ಸಿಗ್ತಾ ಇಲ್ಲ, ಡಾ. ರಾಜ್‌ಕುಮಾರ್ ಅಂದರೆ ಪ್ರಾಣ. ಬೇರೆ ಸಿನಿಮಾದಲ್ಲಿ ಆದರೆ ಬೋಳು ತಲೆ ಮೇಲೆ ಹೊಡೆದು ಹೊಡೆದು ಜೋಕ್ ಮಾಡ್ತಿದ್ದರು. ಇಲ್ಲಿ ಉಲ್ಟಾ, ಅವನೇ ಬೇರೆಯವರ ರೂಪ ನೋಡಿ ಅಳೆಯುವವನು ಅಂತ ನಿಧಾನಕ್ಕೆ ಗೊತ್ತಾಗ್ತದೆ. ನನ್ನ ಅಣ್ಣನಿಗೆ 27ಕ್ಕೇ ಕೂದಲು ಉದುರಿ ಮನೆಯಲ್ಲಿ ಫೋಟೋ ತೆಗೆಸಲಿಕ್ಕೇ ಬಿಡ್ತಿರಲಿಲ್ಲ, ಇದನ್ನು ಮೂರು ಸಲ ಥಿಯೇಟರಿಗೆ ಹೋಗಿ ನೋಡಿದ್ದಾನೆ.

ಇನ್ನೊಂದು, ತುಳು ಅಂತ ಬಿಡಬೇಡಿ. ಒರಿಯರ್ದೊರಿ ಅಸಲ್, 2011, ವಿಜಯಕುಮಾರ್ ಕೊಡಿಯಾಲ್‌ಬೈಲ್. ನವೀನ್ ಡಿ. ಪಡೀಲ್, ಅರವಿಂದ ಬೋಳಾರ್ ಇವರೆಲ್ಲ ನಾಟಕದ ಸ್ಟೇಜಿನಲ್ಲಿ ಪಳಗಿದವರು, ಜನ ನಗುವಷ್ಟು ಹೊತ್ತು ನಿಂತು ಆಮೇಲೆ ಮುಂದಿನ ಮಾತು ಹೇಳ್ತಾರಲ್ಲ, ಆ ತಾಳ ಸ್ಕ್ರೀನಿನ ಮೇಲೂ ಹಾಗೆಯೇ ಉಂಟು.

ಕೇಸರಿಬಾತ್

ಕಾಶೀನಾಥ್ ಹೆಸರು ಇನ್ನೂ ಬಂದೇ ಇಲ್ವಲ್ಲ! ಅವಳೇ ನನ್ನ ಹೆಂಡ್ತಿ 1988, ಅನಂತನ ಅವಾಂತರ 1989, ಅಜಗಜಾಂತರ 1991. ಉಪೇಂದ್ರ, ವಿ. ಮನೋಹರ್ ಎಲ್ಲ ಅಲ್ಲಿಂದ ಬಂದವ್ರು. ಹೀರೋ ಅಂದ್ರೆ ಎತ್ತರ ಮೈಕಟ್ಟು ಇರ್ಬೇಕು ಅನ್ನೋ ಕಾಲದಲ್ಲಿ ಸಣಕಲ ಮೈ, ದೊಡ್ ಕನ್ನಡಕ, ಹೆಗಲಿಗೊಂದು ಬ್ಯಾಗು, ಅಷ್ಟರಲ್ಲೇ ಪಿಕ್ಚರ್ ಓಡಿಸಿದ ಮನುಷ್ಯ.

ವಠಾರದ ಹುಡ್ಗ

ಕೇಸರಿಬಾತ್, ಕಾಶೀನಾಥ್ ಅಂದ್ರೆ ನಂಗೂ ಗೌರವ, ಆದ್ರೆ ಈ ಫ್ರೆಂಡ್ ಅವನ ಅಪ್ಪ ಅಮ್ಮ ಬಂದಾಗ್ಲೂ ಜೊತೇಲಿ ಕೂತು ನೋಡೋ ಥರದ್ದು ಕೇಳ್ತಿದಾನೆ. ಡಬಲ್ ಮೀನಿಂಗ್ ಜಾಸ್ತಿ ಅಲ್ವಾ?

ಕೇಸರಿಬಾತ್

ಇದೇ ಮಾತು ನಲವತ್ತು ವರ್ಷದಿಂದ ಹೇಳ್ತಿದಾರೆ ಬ್ರದರ್. ಅವರ ಅನುಭವ ಪಿಕ್ಚರನ್ನ ಮನೆಮಂದಿ ಜೊತೆ ನೋಡೋಕಾಗಲ್ಲ ಒಪ್ತೀನಿ. ಆದ್ರೆ ಅವಳೇ ನನ್ನ ಹೆಂಡ್ತಿ ವರದಕ್ಷಿಣೆ ಬಗ್ಗೆ ಮಾಡಿದ್ದು. ನಮ್ ದೊಡ್ಡಪ್ಪನ ಮಗಳ ಮದ್ವೇಲಿ ಹುಡುಗನ ಕಡೆಯೋರು ಛತ್ರದಲ್ಲಿ ತಾಳಿ ಕಟ್ಟೋಕೆ ಮುಂಚೆ ಸ್ಕೂಟರ್ ಕೀ ಎಲ್ಲಿ ಅಂತ ಕೇಳಿದ್ರು, ದೊಡ್ಡಪ್ಪ ಪಂಚೆ ಸರಿ ಮಾಡ್ಕೊಳ್ತಾ ನಿಂತಿದ್ದು ನಾನ್ ಮರೆಯಲ್ಲ. ಅದನ್ನ ನೋಡಿದೋನಿಗೆ ಆ ಪಿಕ್ಚರಲ್ಲಿ ಪೋಲಿತನ ಮೊದಲು ಕಾಣ್ಸಲ್ಲ. 2018 ಜನವರಿಯಲ್ಲಿ ಕಾಶೀನಾಥ್ ಹೋದಾಗ ಎಲ್ರೂ ಹೊಗಳಿದ್ರು, ಬದುಕಿದ್ದಾಗ ಪೋಲಿ ಪಿಕ್ಚರ್ ಮಾಡೋರು ಅಂತ ಮೂಗು ಮುರೀತಿದ್ದವ್ರೂ ಅವರಲ್ಲೇ ಇದ್ರು. ಆ ಒಂದನ್ನ ನೋಡಿ ಆಮೇಲೆ ಹೇಳಿ.

ವಠಾರದ ಹುಡ್ಗ

ಸರಿ, ಒಪ್ಕೊಂಡೆ. ಅವಳೇ ನನ್ನ ಹೆಂಡ್ತಿ ಲಿಸ್ಟಿಗೆ ಸೇರಿಸ್ದೆ. ನಾನು ಪೂರ್ತಿ ನೋಡಿಲ್ಲ ಅಂತಾನೂ ಈಗ ಗೊತ್ತಾಯ್ತು, ನಾನೂ ಅದನ್ನ ತುಣುಕು ತುಣುಕಾಗೇ ನೋಡಿರೋದು.

ಧಾರವಾಡದಾಂವ

ನಮಸ್ಕಾರ ರೀ ಎಲ್ಲಾರಿಗೂ. ನನ್ನ ಮನಸಿನ್ಯಾಗ ಭಾಳ ದಿನದಿಂದ ಇರೋ ಮಾತೊಂದು ಹೇಳ್ತೀನಿ. ಕನ್ನಡ ಕಾಮಿಡಿ ಅಂದ ಕೂಡ್ಲೆ ನಮ್ಮ ಉತ್ತರ ಕರ್ನಾಟಕದ ಭಾಷಾ ತಂದು ಒಬ್ಬ ಆಳಮನಷ್ಯಾನ ಬಾಯಾಗ ಹಾಕಿ ನಗಸ್ತಾರ. ಭಾಷಾನ ಜೋಕ್ ಮಾಡಿಬಿಡ್ತಾರ ರೀ. ನಮ್ಮ ಮನ್ಯಾಗ ಇದ ಭಾಷಾದಾಗ ನಾವು ಅಳ್ತೀವಿ, ಸಾಲದ ಲೆಕ್ಕ ಮಾಡ್ತೀವಿ, ಹೆಣ್ಣು ಕೊಡೋ ಮಾತು ಆಡ್ತೀವಿ. ಹಂಗಾಗಿ ರಾಜು ತಾಳಿಕೋಟೆ ಅವರು ಯೋಗರಾಜ ಭಟ್ರ ಮನಸಾರೆ, ಪಂಚರಂಗಿ ಒಳಗ ಬಂದಾಗ ನಮಗ ಭಾಳ ಖುಷಿ ಆತು. ಕಂಪನಿ ನಾಟಕದಿಂದ ಬಂದಾಂವ, ಕಲಿಯುಗದ ಕುಡುಕ ಅನ್ನೋ ಅವರ ನಾಟಕದ ಕ್ಯಾಸೆಟ್ ನಮ್ಮ ಕಡೆ ಟ್ರ್ಯಾಕ್ಟರ್‌ನ್ಯಾಗ ಸೈತ ಹಚ್ಚತಿದ್ರು. ಆಂವ ಮಾತಾಡಿದ್ರ ಮಾತಿನೊಳಗ ನಗಿ ಇರ್ತಿತ್ತು, ಭಾಷಾದ ಮ್ಯಾಲೆ ನಗಿ ಅಲ್ಲ. ಫರಕ್ ಅದ ಅದಕ್ಕ.

ಪಂಚರಂಗಿ 2010. ನೋಡ್ರಿ, ಕಥಿ ಹೆಚ್ಚಿಲ್ಲ ಅದರಾಗ, ಹೆಣ್ಣು ನೋಡಾಕ ಒಂದ ಸಂಸಾರ ಸಮುದ್ರದ ದಂಡಿಗೆ ಹೋಗ್ತದ, ಅಷ್ಟ. ಮಾತ ಎಲ್ಲಾ. ರಿಲೀಸ್ ಆದಾಗ ಇದೇನ ಬರೇ ಹರಟಿ ಅಂದ್ರು. ಊಟಾ ಆದ ಮ್ಯಾಲೆ ಕಟ್ಟಿ ಮ್ಯಾಲೆ ಕುಂತು ಹರಟಿ ಹೊಡಿಯೋದು ಗೊತ್ತಿದ್ದಾವಗ ಅದು ಹಿಡಸ್ತದ.

ಮಂಡ್ಯದೋನು

ಸರ್ ನೀವು ಹೇಳಿದ್ದು ಖರೆ. ನಮ್ ಭಾಷೇದೂ ಅದೇ ಕಥೆ, ಲಾರಿ ಡ್ರೈವರ್ ಇಲ್ಲಾ ರೌಡಿ ಬಂದ್ರೆ ಮಂಡ್ಯ ಕನ್ನಡ ಮಾತಾಡ್ಸ್ತಾರೆ. ತಿಥಿ ಇಷ್ಟ ಆಗಿದ್ದೂ ಅದ್ಕೇಯ.

ಗಾಂಧಿಬಜಾರ್ ದೋಸೆ

ಎರಡು ಹೇಳಿ ಹೋಗ್ತೀನಿ, ಅರ್ಜೆಂಟಲ್ಲಿದೀನಿ. ಉಲ್ಟಾ ಪಲ್ಟಾ, 1997, ಎನ್.ಎಸ್. ಶಂಕರ್. ಷೇಕ್ಸ್‌ಪಿಯರ್‌ನ ಕಾಮಿಡಿ ಆಫ್ ಎರರ್ಸ್ ನಾಟಕದ ಮೇಲೆ ಮಾಡಿದ್ದು, ಒಂದೇ ಮುಖದ ಎರಡು ಜೋಡಿ, ರಮೇಶ್ ಅರವಿಂದ್ ಡಬಲ್ ಆಕ್ಟಿಂಗ್. ಇದೇ ನಾಟಕದ ಮೇಲೆ ಹಿಂದೀಲಿ ಗುಲ್ಜಾರ್ 1982ರಲ್ಲಿ ಅಂಗೂರ್ ಮಾಡಿದ್ರು, ನಿಮ್ ನಾಗಪುರದ ಫ್ರೆಂಡ್ ಅದನ್ನ ನೋಡಿರ್ತಾನೆ, ಹಾಗಾಗಿ ಕಥೆ ಗೊತ್ತಿರುತ್ತೆ, ಕನ್ನಡದ ಕಡೆ ಗಮನ ಕೊಡ್ಬೋದು. ಕಲಿಯೋರಿಗೆ ಇದಕ್ಕಿಂತ ಒಳ್ಳೇದು ಇಲ್ಲ.

ಎರಡನೇದು ಮಾಯಾಬಜಾರ್ 2016. ನೋಟ್ ಬ್ಯಾನ್ ಆದಾಗಿನ ಕಥೆ, ರಾಜ್ ಬಿ. ಶೆಟ್ಟಿ, ವಸಿಷ್ಠ ಸಿಂಹ, ಅಚ್ಯುತ್ ಕುಮಾರ್. 2020 ಫೆಬ್ರವರಿ ಕೊನೇಲಿ ಥಿಯೇಟರಿಗೆ ಬಂತು, ಮಾರ್ಚಲ್ಲಿ ಲಾಕ್‌ಡೌನ್. ಒಳ್ಳೇ ಪಿಕ್ಚರ್‌ಗೆ ಹೀಗೂ ಆಗುತ್ತೆ. ಕಳ್ರು ಪೊಲೀಸ್ರು ಎಲ್ಲ ಸೇರ್ಕೊಂಡು ಕಷ್ಟಪಟ್ಟು ಗುಡ್ಡೆ ಹಾಕಿದ ದುಡ್ಡು ಒಂದೇ ರಾತ್ರಿಗೆ ಬರೀ ಪೇಪರ್ ಆಗೋದು ಅಂದ್ರೆ ಹೇಗಿರುತ್ತೆ ಅಂತ.

ಕೇಸರಿಬಾತ್

ಮುಖ್ಯವಾದ್ದು ಬಿಟ್ಟೋಯ್ತು, ಎದ್ದೇಳು ಮಂಜುನಾಥ, 2009, ಗುರುಪ್ರಸಾದ್. ಅವರದೇ ಮಠ ಪಿಕ್ಚರ್ ಬಗ್ಗೆ ಎಲ್ರೂ ಹೇಳ್ತಾರೆ, ನಂಗೆ ಮಂಜುನಾಥನೇ ಹತ್ತಿರ. ಜಗ್ಗೇಶ್ ಅಂದ್ರೆ ಕುಣಿದು ಕುಪ್ಪಳಿಸಿ ನಗಿಸೋರು ಅನ್ಕೊಂಡಿದ್ದವ್ರು ಇದ್ರಲ್ಲಿ ಅವರು ಕಣ್ಣು ಕಾಣದವನ ಪಾತ್ರ ಮಾಡಿರೋ ತಬಲಾ ನಾಣಿ ಎದುರು ಕೂತು ಬರೀ ಮಾತಲ್ಲಿ ಎಷ್ಟು ಕೆಲಸ ಮಾಡ್ತಾರೆ ನೋಡ್ಬೇಕು. ಮನೇಲಿ ಒಬ್ಬ ಸೋಮಾರಿ ಅಣ್ಣನೋ ಮಾವನೋ ಇದ್ದವ್ರಿಗೆ ಮೊದಲು ನಗು ಬಂದು ಆಮೇಲೆ ಗಂಟಲು ಕಟ್ಟುತ್ತೆ. 2024ರಲ್ಲಿ ಗುರುಪ್ರಸಾದ್ ಹೋದ ಸುದ್ದಿ ಕೇಳಿದ ರಾತ್ರಿ ನಾನು ಇದನ್ನೇ ಹಾಕ್ಕೊಂಡು ಕೂತಿದ್ದೆ. ಇನ್ನೂ ಎಷ್ಟೋ ಬರೀಬೇಕಿದ್ದ ಮನುಷ್ಯ.

ಕುಡ್ಲದ ಹುಡುಗಿ

ಡೇರ್‌ಡೆವಿಲ್ ಮುಸ್ತಾಫಾ ಕೂಡ ಹಾಕಿ, 2023. ತೇಜಸ್ವಿಯವರ ಕಥೆ, ಅವರ ಓದುಗರೇ ದುಡ್ಡು ಒಟ್ಟು ಮಾಡಿ ಸಿನಿಮಾ ಮಾಡಿದ್ದು. ಅಬಚೂರಿನ ಕಾಲೇಜಿಗೆ ಮುಸ್ತಾಫಾ ಅಂತ ಹುಡುಗ ಬಂದು ಸೇರ್ತಾನೆ, ಉಳಿದವರಿಗೆ ಅವನ ಬಗ್ಗೆ ಏನೂ ಗೊತ್ತಿಲ್ಲ, ಗೊತ್ತಿಲ್ಲದ್ದರಿಂದಲೇ ಎಲ್ಲ ರಾದ್ಧಾಂತ. ಹತ್ತನೇ ಕ್ಲಾಸಿನ ಮಕ್ಕಳ ಜೊತೆ ನೋಡಿ, ಅವರು ಎಲ್ಲಿ ನಗ್ತಾರೆ ಅಂತ ಗಮನಿಸಿ.

ಬಸವನಗುಡಿ ಅಕ್ಕ

ಮಕ್ಕಳಿದ್ರೆ ದ್ವಾರಕೀಶ್ ಅವರ ಕುಳ್ಳ ಏಜೆಂಟ್ 000 ಸಹ ಹಾಕಿ. 1972ರದ್ದು. ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ್ದು ಇದೊಂದರಲ್ಲೇ. ಆ ಹಾಡು ಎಲ್ಲರ ಬಾಯಲ್ಲೂ ಇದೆ, ಪಿಕ್ಚರ್ ನೋಡಿರೋರು ಕಮ್ಮಿ.

ವಠಾರದ ಹುಡ್ಗ

ಹತ್ತು ದಿನ ಆದ್ಮೇಲೆ ಬರೀತಿದೀನಿ, ಕ್ಷಮಿಸಿ. ಶನಿವಾರ ಫ್ರೆಂಡನ್ನ ಮನೇಗೇ ಕರ್ದೆ. ಗಣೇಶನ ಮದುವೆ ಹಾಕ್ದೆ, ಮೊಬೈಲ್ ಇಬ್ರೂ ಒಳಗಿನ ರೂಮಲ್ಲಿಟ್ಟು ಬಂದ್ವಿ. ಮೊದಲ ಇಪ್ಪತ್ತು ನಿಮಿಷ ಅವನು ಸುಮ್ನಿದ್ದ, ನಂಗೆ ಎದೆ ಹೊಡ್ಕೊಳ್ತಿತ್ತು. ವಠಾರ ಅಂದ್ರೆ ಅಪಾರ್ಟ್‌ಮೆಂಟಾ ಅಂತ ಕೇಳ್ದ. ನಾನು ಹೇಳೋಕೆ ಬಾಯಿ ತೆಗೆಯೋಷ್ಟ್ರಲ್ಲಿ ಅಡುಗೆಮನೆಯಿಂದ ಅಮ್ಮ ಕೈ ಒರೆಸ್ಕೊಳ್ತಾ ಬಂದು, ನಿಮ್ ಕಡೆ ಏನಂತಾರೋ ಗೊತ್ತಿಲ್ಲಪ್ಪ ಅಂತ ಅಲ್ಲೇ ಕೂತು ನಮ್ ಎಂಟು ಮನೆ, ಒಂದು ನಲ್ಲಿ, ಯಾರ ಕೊಡ ಎಲ್ಲಿರ್ತಿತ್ತು ಎಲ್ಲ ಹೇಳಿದ್ರು. ಅವನು ಪಿಕ್ಚರ್ ನಿಲ್ಸಿ ಕೇಳಿಸ್ಕೊಂಡ. ನಾಗಪುರದಲ್ಲಿ ಅವರಜ್ಜಿ ಇದ್ದಿದ್ದು ಇಂಥದ್ದೇ ಜಾಗದಲ್ಲಂತೆ, ವಾಡಾ ಅಂತಾರಂತೆ.

ಆಮೇಲೆ ಪಿಕ್ಚರ್ ಮುಂದುವರೀತು. ಅಮ್ಮ ಪಿಕ್ಚರಿಗಿಂತ ಒಂದ್ ಸೆಕೆಂಡ್ ಮುಂಚೆ ಡೈಲಾಗ್ ಹೇಳ್ತಾ ಹೋದ್ರು, ಅವನು ಅಮ್ಮನ ಮುಖ ನೋಡ್ಕೊಂಡು ನಗ್ತಿದ್ದ, ಆಮೇಲಾಮೇಲೆ ಅಮ್ಮ ಹೇಳೋದನ್ನ ಅವನೂ ಹೇಳೋಕೆ ಶುರು ಮಾಡ್ದ. ಕಾಗದ ಬರೆಯೋಳು ಅವಳೇ ಅಂತ ಇವನಿಗೆ ಯಾವಾಗ ಗೊತ್ತಾಗುತ್ತೆ, ಯಾವಾಗ ಗೊತ್ತಾಗುತ್ತೆ ಅಂತ ಸೋಫಾ ಅಂಚಿಗೆ ಬಂದು ಕೂತಿದ್ದ. ಹೋಗ್ವಾಗ ಬಾಗಿಲಲ್ಲಿ ಚಪ್ಪಲಿ ಹಾಕ್ಕೊಳ್ತಾ ಆಂಟಿ ಓನರ್ ತಾಯಿ ಈಗೆಲ್ಲಿದಾರೆ ಅಂತ ಕೇಳ್ದ. ಹೋಗಿ ಹನ್ನೊಂದು ವರ್ಷ ಆಯ್ತಪ್ಪ ಅಂದ್ರು ಅಮ್ಮ.

ಈ ಶನಿವಾರ ಉದ್ಭವ ಇಟ್ಕೊಂಡಿದೀವಿ, ಅದಾದ್ಮೇಲೆ ತಿಥಿ. ಉದ್ಭವದ್ದು ನಂಗೆ ಸಿಕ್ಕಿರೋ ಪ್ರಿಂಟಲ್ಲಿ ಸೌಂಡು ಬಹಳ ಕೆಟ್ಟಿದೆ, ಅರ್ಧ ಮಾತು ಕೇಳ್ಸಲ್ಲ, ಕಲೀತಿರೋನಿಗೆ ಕಷ್ಟ. ಅಕ್ಕ, ನಿಮ್ಮೆಜಮಾನ್ರು ಐದ್ ಸಲ ನೋಡಿದ್ದು ಯಾವ್ದ್ರಲ್ಲಿ, ಹಳೇ ಸೀಡಿ ಏನಾದ್ರೂ ಮನೇಲಿ ಉಳ್ದಿದ್ಯಾ? ಇದ್ರೆ ಹೇಳಿ, ನಾನೇ ಬಂದು ಇಸ್ಕೊಂಡು ಹೋಗ್ತೀನಿ.

ಬಸವನಗುಡಿ ಅಕ್ಕ

ಇದೆ ಕಣಪ್ಪ, ಅವರ ಬೀರುವಿನಲ್ಲೇ ಇದೆ, ಅವರು ಹೋದ್ಮೇಲೆ ನಾನು ಆ ಖಾನೆ ತೆಗೆದಿರ್ಲಿಲ್ಲ. ಶುಕ್ರವಾರ ಸಂಜೆ ಬಾ, ಫ್ರೆಂಡನ್ನೂ ಕರ್ಕೊಂಡು ಬಾ. ಪ್ಲೇಯರ್ ಇನ್ನೂ ಓಡುತ್ತೆ, ಇಲ್ಲೇ ನೋಡ್ಬೋದು. ಅಮ್ಮನಿಗೂ ಬರೋಕೆ ಹೇಳು.